ಗೋಡೆಗೆ ಕಿಸೆ ಹೊಲಿದದ್ದು

ನಾನು ಈವರೆಗೆ ಯಾವ ವಸ್ತುವನ್ನೂ ಕಳೆದುಕೊಂಡಿಲ್ಲ. ಜೋಪಾನವಾಗಿ ಎತ್ತಿಟ್ಟಿದ್ದೇನೆ, ಅಷ್ಟೇ. ಎರಡರ ಫಲವೂ ಒಂದೇ ಎಂದು ತಿಳಿಯಲು ನನಗೆ ಐವತ್ತೇಳು ವರ್ಷ ಬೇಕಾಯಿತು. ಬೆಳಗಾವಿಯ ಒಂದು ಕಾಲೇಜಿನಲ್ಲಿ ನಾನು ಗ್ರಂಥಪಾಲಕ. ಯಾರು ಯಾವ ಪುಸ್ತಕ ಕೇಳಿದರೂ ಕುರ್ಚಿಯಿಂದ ಏಳದೆಯೇ ಯಾವ ಕಪಾಟು, ಎಷ್ಟನೆಯ ಸಾಲು ಎಂದು ಹೇಳಬಲ್ಲೆ. ಸಂಜೆ ಟಿಳಕವಾಡಿಯ ನಮ್ಮ ಮನೆಯ ಹೊಸ್ತಿಲು ದಾಟಿದೆನೆಂದರೆ ಆ ವಿದ್ಯೆಯೆಲ್ಲ ಚಪ್ಪಲಿಯ ಜೊತೆ ಹೊರಗೇ ಉಳಿಯುತ್ತದೆ. ಕತ್ತರಿ ಯಾರಿಗಾದರೂ ಚುಚ್ಚೀತೆಂದು ಹಾಸಿಗೆಯ ಕೆಳಗೆ ಸೇರಿಸುತ್ತೇನೆ. ಟಾರ್ಚಿಗೆ ಧೂಳು ಹಿಡಿದೀತೆಂದು ಸ್ವೆಟರುಗಳ ಟ್ರಂಕಿನಲ್ಲಿ ಹುದುಗಿಸುತ್ತೇನೆ. ಗ್ಯಾಸಿನ ಪುಸ್ತಕವನ್ನಂತೂ ಎಷ್ಟು ಭದ್ರವಾಗಿ ಇಟ್ಟೆನೆಂದರೆ ಕೊನೆಗೆ ಹೊಸದನ್ನೇ ಮಾಡಿಸಬೇಕಾಯಿತು. "ಎಲ್ಲಿಟ್ಟೀರಿ?" ಎಂದು ಹೆಂಡತಿ ಸುಧಾ ದಿನಕ್ಕೆ ಹತ್ತು ಸಲ ಕೂಗುತ್ತಿದ್ದಳು. ಮೂವತ್ತು ವರ್ಷ ಕೇಳಿದ ಕೂಗು. ಅದಿಲ್ಲದಿದ್ದರೆ ಮನೆಯಲ್ಲಿ ಏನೋ ಕಡಿಮೆಯಾದಂತೆ ಅನಿಸುವಷ್ಟು ನಾನು ಅದಕ್ಕೆ ಒಗ್ಗಿದ್ದೆ.

ಸುಧಾಗೆ ಉಬ್ಬಸವಿದೆ. ಬೆಳಗಾವಿಯ ಥಂಡಿ ಗಾಳಿ ಬೀಸತೊಡಗಿದರೆ ಎದೆ ಹಿಡಿಯುತ್ತದೆ. ಡಾಕ್ಟರು ಕೊಟ್ಟ ಪಂಪನ್ನು ಬಾಯಿಗಿಟ್ಟು ಎರಡು ಸಲ ಎಳೆದರೆ ಸರಿಹೋಗುತ್ತದೆ. ಆ ಪಂಪು ಸದಾ ಅಡುಗೆಮನೆಯ ಕಿಟಕಿಯಲ್ಲಿ ಇರುತ್ತಿತ್ತು. ಕಳೆದ ಚಳಿಗಾಲದಲ್ಲಿ ಒಂದು ದಿನ, ಒಗ್ಗರಣೆಯ ಜಿಡ್ಡು ಅದಕ್ಕೆ ಕೂಡುತ್ತಿದೆಯಲ್ಲ ಎಂದು ನನಗೆ ಕಾಳಜಿ ಹುಟ್ಟಿತು. ನಮ್ಮೂರಿನ ಸಿಹಿ ಕುಂದಾ ತಿಂದು ಖಾಲಿಯಾದ ಡಬ್ಬಿಯೊಂದನ್ನು ತೊಳೆದು ಒರೆಸಿ, ಅದರಲ್ಲಿ ಪಂಪಿಟ್ಟು, ಕಪಾಟಿನ ಮೇಲೆ ಇರಿಸಿದೆ. ಅಲ್ಲಿ ಮೊದಲೇ ಅಂಥ ಎಂಟು ಹತ್ತು ಡಬ್ಬಿಗಳಿದ್ದವು. ನಮ್ಮ ಮನೆಯಲ್ಲಿ ಕುಂದಾ ಉಳಿಯುವುದಿಲ್ಲ, ಡಬ್ಬಿ ಹೋಗುವುದಿಲ್ಲ.

ಮರುದಿನ ಸಂಜೆ ಸುಧಾಗೆ ಉಸಿರು ಕಟ್ಟಿತು. ಅವಳು ಕುರ್ಚಿಯ ತುದಿಯಲ್ಲಿ ಕುಳಿತು, ಮೊಣಕಾಲಿನ ಮೇಲೆ ಕೈಯೂರಿ, ಕಿಟಕಿಯತ್ತ ಬೆರಳು ತೋರಿಸಿದಳು. ಕಿಟಕಿ ಖಾಲಿ. ನಾನು ಕಪಾಟಿನತ್ತ ಓಡಿ ಒಂದೊಂದೇ ಡಬ್ಬಿ ತೆರೆದೆ. ಒಂದರಲ್ಲಿ ಗುಂಡಿಗಳು, ಒಂದರಲ್ಲಿ ಹಳೆಯ ಬಸ್ ಪಾಸು, ಒಂದರಲ್ಲಿ ಏನೂ ಇಲ್ಲ. ಅವಸರದಲ್ಲಿ ಮೊಣಕೈ ತಾಗಿ ಡಬ್ಬಿಗಳೆಲ್ಲ ನೆಲಕ್ಕೆ ಬಿದ್ದವು. ಹಿಂದಿನಿಂದ ಅವಳ ಉಸಿರಿನ ಸಿಳ್ಳೆ ಕೇಳಿಸುತ್ತಿತ್ತು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಪಂಪು ಕೊನೆಗೆ ಮೇಜಿನ ಅಡಿಗೆ ಉರುಳಿದ್ದ ಡಬ್ಬಿಯಲ್ಲಿ ಸಿಕ್ಕಿತು.

ಆಮೇಲೆ ಅವಳು ಬಯ್ಯಲಿಲ್ಲ. ಸ್ವಲ್ಪ ಹೊತ್ತು ಕುಳಿತಿದ್ದು, ಎದ್ದು ರೊಟ್ಟಿ ಬಡಿಯಲು ಹೋದಳು. ಮರುದಿನದಿಂದ ಪಂಪನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಓಡಾಡತೊಡಗಿದಳು. "ಎಲ್ಲಿಟ್ಟೀರಿ?" ಎಂಬ ಕೂಗೂ ನಿಂತಿತು. ಏನು ಬೇಕಾದರೂ ತಾನೇ ಹುಡುಕಿಕೊಳ್ಳುತ್ತಿದ್ದಳು. ಬಯ್ದಿದ್ದರೆ ಎರಡು ದಿನದಲ್ಲಿ ಮರೆಯುತ್ತಿದ್ದೆ. ಆ ಗಂಟನ್ನು ಮಾತ್ರ ದಿನವೂ ನೋಡಬೇಕಾಯಿತು.

ಗೋಡೆಗೆ ತೂಗುಹಾಕುವ, ಸಾಲು ಸಾಲು ಕಿಸೆಗಳಿರುವ ಬಟ್ಟೆಯೊಂದನ್ನು ಯಾರದೋ ಮನೆಯಲ್ಲಿ ಕಂಡಿದ್ದೆ. ಇಟ್ಟದ್ದು ಎದುರಿಗೇ ಕಾಣುತ್ತದೆ, ಎತ್ತಿಡುವ ಪ್ರಶ್ನೆಯೇ ಇಲ್ಲ. ಅದನ್ನು ನಾನೇ ಹೊಲಿಯುತ್ತೇನೆಂದು ಮನಸ್ಸಿನಲ್ಲೇ ಹರಕೆ ಹೊತ್ತೆ. ಅದಕ್ಕೂ ಮುಂಚೆ ನಾನು ಸೂಜಿ ಹಿಡಿದದ್ದು ಒಮ್ಮೆ ಮಾತ್ರ. ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಗುಂಡಿ ಹಚ್ಚಿ, ಎದ್ದು ನಿಂತಾಗ ಅಂಗಿ ಪೈಜಾಮದ ಜೊತೆಗೇ ಎದ್ದು ಬಂದಿತ್ತು.

ಖಡೇಬಜಾರಿನ ಬಟ್ಟೆಯಂಗಡಿಗೆ ಹೋಗಿ ದಪ್ಪ ಬಟ್ಟೆ ಕೇಳಿದೆ. "ಏನ್ ಹೊಲಸ್ತೀರಿ ಸರ? ಪ್ಯಾಂಟೇನ್ರಿ?" ಎಂದರು ಅಂಗಡಿಯವರು. ಕಿಸೆ ಎಂದೆ. "ಕಿಸೆ ಖರೇರಿ, ಯಾವುದಕ್ಕ?" ಗೋಡೆಗೆ ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, ನೀಲಿ ಬಟ್ಟೆ ಅಳೆದು ಕೊಟ್ಟರು.

ನನ್ನಕ್ಕ ಕಮಲಕ್ಕ ಖಾನಾಪುರದಲ್ಲಿದ್ದಾಳೆ. ನಲವತ್ತು ವರ್ಷದಿಂದ ಊರಿನ ಹೆಂಗಸರಿಗೆ ಕುಪ್ಪಸ ಹೊಲಿದವಳು. ಸಣ್ಣವನಿದ್ದಾಗ ನನ್ನ ಚಡ್ಡಿಗಳನ್ನು ಹೊಲಿದವಳೂ ಅವಳೇ. ಭಾನುವಾರ ಬೆಳಿಗ್ಗೆ ಬಟ್ಟೆಯ ಗಂಟು ಹಿಡಿದು ರೈಲು ಹತ್ತಿದೆ. ವಿಷಯ ಕೇಳಿ ಅಕ್ಕ, "ಇಟ್ಟ ಹೋಗ, ನಾಳೆ ಹೊಲಿದ ಕೊಡ್ತೀನಿ" ಎಂದಳು. ನಾನೇ ಹೊಲಿಯಬೇಕೆಂದೆ. ಅವಳು ಮಶೀನಿನಿಂದ ದಾರ ಬಿಚ್ಚಿ ತೆಗೆದು, ನನ್ನ ಕೈಗೊಂದು ಹಳೆಯ ಪೇಪರು ಕೊಟ್ಟಳು. "ಮೊದಲ ಇದರ ಮ್ಯಾಲೆ ಸೂಜಿ ಓಡಸು. ಸುದ್ದಿ ನಡಬರಕ ಇರೂ ಗೆರಿ ಬಿಟ್ಟ ಆಚೀಚಿ ಹೋಗಬಾರದು."

ಕಾಲಿನಿಂದ ಪೆಡಲು ತುಳಿದರೆ ಚಕ್ರ ಹಿಂದಕ್ಕೆ ತಿರುಗುತ್ತಿತ್ತು. ಚಕ್ರದ ಕಡೆ ನೋಡಿದರೆ ಪೇಪರು ಓಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ರಾಜಕೀಯ, ಕ್ರೀಡೆ, ಪೇಟೆ ಧಾರಣೆ ಯಾವುದನ್ನೂ ಬಿಡದೆ ತೂತು ಮಾಡಿದ್ದೆ. ಎಲ್ಲರೂ ಕಾಕೂ ಎನ್ನುವ ಪಕ್ಕದ ಮನೆಯ ಹೆಂಗಸು ಕಿಟಕಿಯಲ್ಲಿ ಇಣುಕಿ ಮರಾಠಿಯಲ್ಲಿ ಏನು ನಡೆದಿದೆಯೆಂದು ವಿಚಾರಿಸಿದರು. "ಶಿಕತೋಯ್, ಶಿಕತೋಯ್" ಎಂದಳು ಅಕ್ಕ. ಕಲಿಯುತ್ತಿದ್ದಾನೆ ಎಂದು ಆ ಮಾತಿನ ಅರ್ಥ. ಹೇಳಿದ ಧಾಟಿಯಲ್ಲಿ ಅಷ್ಟು ಭರವಸೆಯಿರಲಿಲ್ಲ.

ಎರಡನೆಯ ಭಾನುವಾರ ಬಟ್ಟೆಗೆ ಕೈ ಹಾಕಿದೆ. ಮೊದಲ ಸಾಲಿನ ನಾಲ್ಕು ಕಿಸೆ ಹೊಲಿದು, ಗೆದ್ದವನಂತೆ ಎತ್ತಿ ಹಿಡಿದೆ. ಅಕ್ಕ ಕನ್ನಡಕ ಸರಿಪಡಿಸಿಕೊಂಡು ನೋಡಿದಳು. "ಭಾಳ ಛಲೋ ಆತು. ಇದರಾಗ ಇಟ್ಟದ್ದು ಕಳಿಯೂದಿಲ್ಲ, ನೆಲಕ್ಕ ಬಿದ್ದಿರ್ತೈತಿ." ನಾಲ್ಕರ ಬಾಯಿಯೂ ಕೆಳಗಿತ್ತು. ಬ್ಲೇಡಿನಿಂದ ಹೊಲಿಗೆ ಬಿಚ್ಚಿ ಮತ್ತೆ ಹೊಲಿದೆ. ಈ ಸಲ ಬಾಯಿ ಮೇಲಿತ್ತು. ಆದರೆ ಟಾರ್ಚು ಒಳಗೆ ಹೋಗಲೊಲ್ಲದು. "ಕಿಸೆಕ್ಕ ಹೊಟ್ಟಿ ಇಡಬೇಕೋ ತಮ್ಮಾ. ಸಪಾಟ ಹೊಲಿದರ ಒಳಗ ಏನ್ ಹಿಡಸ್ತೈತಿ? ಬುಡಕ ಎರಡ ನಿರಿಗಿ ಹಿಡಿ." ಮತ್ತೆ ಬ್ಲೇಡು.

ಹಾಗೆ ಬಿಚ್ಚುತ್ತ ಕುಳಿತಾಗಲೇ ಅಕ್ಕ ಕೇಳಿದಳು: "ಈ ವಯಸ್ಸಿನಾಗ ನಿನಗ್ಯಾಕ ಬಂತು ಈ ಹುಚ್ಚು?" ಯಾರಿಗೂ ಹೇಳಿರದ ಸಂಗತಿಯನ್ನು ಅವಳಿಗೆ ಹೇಳಿದೆ. ಡಬ್ಬಿ, ಉಸಿರಿನ ಸಿಳ್ಳೆ, ಸೆರಗಿನ ಗಂಟು. ಹೇಳುವಾಗ ತಲೆ ಎತ್ತಲಿಲ್ಲ, ದಾರದ ತುಣುಕುಗಳನ್ನೇ ಆರಿಸುತ್ತಿದ್ದೆ. ಅಕ್ಕ ನನ್ನನ್ನು ಮಶೀನಿನಿಂದ ಎಬ್ಬಿಸಿ ತಾನು ಕುಳಿತು, ಹನ್ನೊಂದು ಕಿಸೆಗಳನ್ನು ಒಂದು ಗಂಟೆಯಲ್ಲಿ ಹೊಲಿದಳು. ಕೊನೆಯದಾದ ಹನ್ನೆರಡನೆಯದಕ್ಕೆ ಬಂದಾಗ ಎದ್ದು ನಿಂತಳು.

"ಇದು ಪಂಪಿನ ಕಿಸೆ. ಇದನ್ನ ನಾ ಮುಟ್ಟೂದಿಲ್ಲ. ನೀನ ಹೊಲಿ."

ಆ ಒಂದು ಕಿಸೆಗೆ ನನಗೆ ಮೂರನೆಯ ಭಾನುವಾರವೂ ಬೇಕಾಯಿತು.

ಅಡುಗೆಮನೆಯ ಬಾಗಿಲ ಪಕ್ಕ ಮೊಳೆ ಹೊಡೆದು ತೂಗುಹಾಕಿದೆ. ಸುಧಾ ನೋಡಿ, "ಛಲೋ ಐತ್ರಿ" ಎಂದಳು, ಅಷ್ಟೇ. ಕತ್ತರಿ ಬಂತು, ಟಾರ್ಚು ಬಂತು, ಔಷಧದ ಚೀಟಿಗಳು ಬಂದವು. ಪಂಪು ಮಾತ್ರ ಸೆರಗಿನಲ್ಲೇ ಇತ್ತು. ಹನ್ನೆರಡನೆಯ ಕಿಸೆ ಒಂದು ವಾರ ಖಾಲಿ ಬಾಯಿ ಬಿಟ್ಟುಕೊಂಡು ನನ್ನನ್ನು ನೋಡಿತು. ಅದರಲ್ಲಿ ಪಂಪು ಇಡು ಎಂದು ನಾನು ಹೇಳಲಿಲ್ಲ. ಹೇಳುವ ಹಕ್ಕು ನನಗಿದೆ ಎಂದು ಅನಿಸಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಚಹಾಕ್ಕೆಂದು ಬಂದವನು ನಿಂತುಬಿಟ್ಟೆ. ಆ ಕಿಸೆಯಿಂದ ಪಂಪಿನ ನೀಲಿ ತಲೆ ಹೊರಗಿಣುಕಿತ್ತು. ಸುಧಾಳ ಸೆರಗು ಗಂಟಿಲ್ಲದೆ ಹೆಗಲ ಮೇಲಿಂದ ಸುಮ್ಮನೆ ಇಳಿಬಿದ್ದಿತ್ತು. ನಾನು ಗೋಡೆಯ ಕಡೆಗೇ ನೋಡುತ್ತಿದ್ದೆ.

"ಎಲ್ಲಾ ಕಿಸೆ ಸರಳ ಅದಾವು. ಇದೊಂದ ಯಾಕ್ರಿ ಇಷ್ಟ ಸೊಟ್ಟ?" ಎಂದಳು ಅವಳು, ಚಹಾ ಸೋಸುತ್ತ.

ಅವಳ ದನಿಯಲ್ಲಿ ಹಳೆಯ ಮೊನಚು ಮರಳಿತ್ತು. ಆ ಸಂತೋಷದ ಭರದಲ್ಲಿ ನಾನು ಯೋಚಿಸದೆ, "ಅಕ್ಕಗ ವಯಸ್ಸಾತು ನೋಡು. ಕಣ್ಣ ಮೊದಲಿನಂಗ ಕಾಣಸೂದಿಲ್ಲ. ಕಡೀದ ಕಿಸೆ ಸೊಟ್ಟ ಹೊಲದಾಳ" ಎಂದುಬಿಟ್ಟೆ.

"ಹೌದೇನ್ರಿ? ನಿನ್ನೆ ಕಮಲಕ್ಕ ಫೋನ್ ಮಾಡಿದ್ರು. ಅವರು ಬ್ಯಾರೇನ ಹೇಳಿದ್ರು."

ಅಕ್ಕ ಇನ್ನೂ ಏನೇನು ಹೇಳಿದ್ದಾಳೆಂದು ಕೇಳುವ ಧೈರ್ಯ ನನಗಾಗಲಿಲ್ಲ. ನೀರು ಕುಡಿದು ಸುಧಾರಿಸಿಕೊಳ್ಳೋಣವೆಂದು ಅಡುಗೆಮನೆಯೊಳಕ್ಕೆ ಹೋದೆ. ಮೂವತ್ತು ವರ್ಷ ಸಂಸಾರ ಮಾಡಿದ ಮನೆಯಲ್ಲಿ ಲೋಟ ಎಲ್ಲಿರುತ್ತದೆ ಎಂದು ಹೆಂಡತಿಯನ್ನು ಕೇಳಲು ಅದು ತಕ್ಕ ಸಮಯವಾಗಿರಲಿಲ್ಲ, ಬೊಗಸೆಯಲ್ಲೇ ಕುಡಿದೆ.