ಮೂರು ವಿಮಾನಗಳ ನಿಷ್ಠಾವಂತ

ದಾಕ್ಷಿಣ್ಯದ ಮನುಷ್ಯ ವಿಮಾನ ಹತ್ತಬಾರದು. ಶಿರಾ ಸಂತೆಯಲ್ಲಿ ಇಬ್ಬರು ಒಟ್ಟಿಗೆ ಕೂಗಿ ಕರೆದರೆ ಇಬ್ಬರ ಹತ್ತಿರವೂ ಅರ್ಧರ್ಧ ಕೆಜಿ ಬದನೆಕಾಯಿ ಕೊಂಡು ಬರುವ ಗಿರಾಕಿ ನಾನು. ಪಾವಗಡದಲ್ಲಿ ಸೋಲಾರ್ ರಿಪೇರಿ ಕಲಿತ ತಪ್ಪಿಗೆ ಕಂಪನಿಯವರು ಆಗಾಗ ನನ್ನನ್ನು ರಾಜಸ್ಥಾನ, ಗುಜರಾತ್ ಅಂತ ಹಾರಿಸುತ್ತಿರುತ್ತಾರೆ. ಕೌಂಟರಿನ ಹುಡುಗಿ ನಗುತ್ತಾ "ನಮ್ಮ ಮೆಂಬರ್ ಆಗ್ತೀರಾ ಸರ್?" ಎಂದರೆ ಇಲ್ಲ ಅನ್ನುವುದು ಹೇಗೆ?

ಹೀಗೆ ಮೂರು ವಿಮಾನ ಕಂಪನಿಗಳಿಗೆ ಮೆಂಬರ್ ಆದೆ. ಹಾರಿದಷ್ಟೂ ಲೆಕ್ಕ ಸೇರಿ, ಸಾಕಷ್ಟಾದರೆ ಒಂದು ಪುಕ್ಕಟೆ ಟಿಕೆಟ್ಟು ಸಿಗುತ್ತದಂತೆ. ಒಂದರಲ್ಲಿ ಮೈಲಿ, ಇನ್ನೊಂದರಲ್ಲಿ ಪಾಯಿಂಟು, ಮತ್ತೊಂದರಲ್ಲಿ ಏನೋ ಬೆಳ್ಳಿ ದರ್ಜೆ. ಆ ಬೆಳ್ಳಿ ಯಾವಾಗ ಚಿನ್ನವಾಗುತ್ತದೆ, ಅಷ್ಟರಲ್ಲಿ ಮೈಲಿಗಳ ಅವಧಿ ಏಕೆ ಮುಗಿಯುತ್ತದೆ, ಉಪ್ಪಿನಕಾಯಿಯಂತೆ ಅವಕ್ಕೂ ಬೂಷ್ಟು ಹಿಡಿಯುತ್ತದೆಯೇ, ಒಂದೂ ನನ್ನ ತಲೆಗೆ ಹತ್ತಿಲ್ಲ. ಆದರೂ ಹೆಂಡತಿ ರತ್ನಮ್ಮನಿಗೆ ಮಾತು ಕೊಟ್ಟುಬಿಟ್ಟಿದ್ದೆ: "ಪಾಯಿಂಟಲ್ಲೇ ನಿನ್ನನ್ನು ಪುಣೆಯ ನಿನ್ನ ತಂಗಿ ಮನೆಗೆ ಕರೆದುಕೊಂಡು ಹೋಗ್ತೀನಿ." ಎಂದೂ ವಿಮಾನ ಹತ್ತದ ಅವಳಿಗೆ ಒಂದೇ ಆಸೆ, ನಮ್ಮ ಮಧುಗಿರಿ ಬೆಟ್ಟವನ್ನು ಮೇಲಿನಿಂದ ನೋಡುವುದು.

ಒಂದು ಭಾನುವಾರ ಫೋನು ಹಿಡಿದು ಕೂತು ನೋಡಿದರೆ, ಮೂರರಲ್ಲೂ ಅಷ್ಟಷ್ಟಿದೆ, ಯಾವುದರಲ್ಲೂ ಟಿಕೆಟ್ಟಿಗೆ ಸಾಲದು. ಒಂದರದ್ದು ಇನ್ನೊಂದಕ್ಕೆ ಸೇರುವುದೂ ಇಲ್ಲ. ರತ್ನಮ್ಮ ಬರಗೂರು ಕಡೆಯ ಕುರಿ ಸಾಕುವ ಮನೆಯ ಮಗಳು. "ಹಟ್ಟಿಗೊಂದು ಕುರಿ ಬುಟ್ಬುಟ್ಟು ಮಂದೆ ಎಲ್ಲಿ ಅಂತ ಹುಡುಕ್ತಾ ಕುಂತಿದ್ದೀರಲ್ಲ! ಒಂದೇ ರೊಪ್ಪದಾಗೆ ಕೂಡಾಕ್ರೀ" ಎಂದಳು.

ಅಂದಿನಿಂದ ಒಂದೇ ಕಂಪನಿಗೆ ನಿಷ್ಠಾವಂತನಾದೆ. ಜೋಧಪುರಕ್ಕೆ ಬೇರೆಯವರ ನೇರ ವಿಮಾನವಿದ್ದರೂ ಹೈದರಾಬಾದ್, ದೆಹಲಿ ಸುತ್ತಿಕೊಂಡು ಹೋದೆ. ಉಳಿದೆರಡು ಕೌಂಟರುಗಳ ಮುಂದೆ ತಲೆ ತಗ್ಗಿಸಿ ನಡೆದೆ. ಅಂತೂ ವರ್ಷ ಕಳೆಯುವುದರೊಳಗೆ ಪಾಯಿಂಟು ತುಂಬಿತು, ಒಂದೇ ಒಂದು ಟಿಕೆಟ್ಟಿಗೆ.

"ಇನ್ನೊಂದು ವರ್ಷ ತಡಿ, ಇಬ್ಬರೂ ಹೋಗೋಣ" ಎಂದೆ.

"ಇಷ್ಟು ದಿನ ನೀವು ಒಬ್ರೇ ಹೋಗ್ನಿಲ್ವಾ? ನಾನೂ ಒಬ್ಳೇ ಹೋಯ್ತೀನಿ ಬುಡಿ. ನೀವು ಮಾಳಿಗೆ ಮೇಲೆ ನಿಂತಿರಿ, ಮೇಲಿಂದ ಕೈ ಬೀಸ್ತೀನಿ" ಎಂದಳು.

ಮೊನ್ನೆ ಅವಳ ತಮ್ಮ ಬಂದು ಅವಳನ್ನು ಏರ್‌ಪೋರ್ಟಿಗೆ ಕರೆದುಕೊಂಡು ಹೋದ. ಬೆಳ್ಳಿ ದರ್ಜೆಯ ನಾನು, ಒಣಹಾಕಿದ ಹುಣಸೆಹಣ್ಣಿನ ಪಕ್ಕ, ಬಿಸಿಲಿನಲ್ಲಿ ಮಾಳಿಗೆಯ ಮೇಲೆ ನಿಂತೆ. ಒಂದು ವಿಮಾನ ಹೋಯಿತು. ಅದರ ಹಿಂದೆ ಇನ್ನೊಂದು, ಆಮೇಲೆ ಮತ್ತೊಂದು. ಕೆಳಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ. ಅವಳು ಯಾವುದರಲ್ಲಿದ್ದಾಳೋ ಗೊತ್ತಾಗದೆ, ಯಾರಿಗೂ ಬೇಸರವಾಗದಿರಲಿ ಎಂದು ಮೂರಕ್ಕೂ ಕೈ ಬೀಸಿದೆ.