ಪಕ್ಕದ ಹಲಗೆ

ಎಲ್ಲಕ್ಕೂ ಮೂಲ ಬೆರಳುದ್ದದ ಒಂದು ಮೋಂಬತ್ತಿ.

ಬಂದೂಕಿನ ತುದಿಯ ಗುರಿಮೊಳೆ ಬಿಸಿಲಿಗೆ ಹೊಳೆದರೆ ಕಣ್ಣು ಕುಕ್ಕುತ್ತದೆ. ಅದಕ್ಕೇ ಆ ಕಣಿವೆಯವರೆಲ್ಲ ಅದಕ್ಕೆ ಮೋಂಬತ್ತಿಯ ಮಸಿ ಹಿಡಿಸುತ್ತಿದ್ದರು. ಮರೆತವನು ದರ್ಜಿ ಲಿಯೊನ್ಸ್ ಒಬ್ಬನೇ. ಅವನಿಗೋ ಅದು ಮರೆಯುವ ದಿನವಲ್ಲ. ಟೋಪಿಯಲ್ಲಿ ಓಕ್ ಎಲೆಯ ದಂಡೆ ಇಲ್ಲದವನಿಗೆ ಮಗಳು ರೆಗುಲಾಳನ್ನು ಕೊಡುವುದಿಲ್ಲವೆಂದು ಚೀಸ್ ಮಾಡುವ ಯೋಸ್ಟ್ ಊರೆಲ್ಲ ಕೇಳುವಂತೆ ಹೇಳಿದ್ದ. ದಂಡೆ ಸಿಗುವುದು ವರ್ಷಕ್ಕೊಂದೇ ದಿನ, ಈ ಗುಂಡು ಹೊಡೆಯುವ ಪಂದ್ಯದಲ್ಲಿ, ಗುರಿಗೆ ಸಾಕಷ್ಟು ಸಲ ಹೊಡೆದವರಿಗೆಲ್ಲ.

ಬೆಳಗಿನಿಂದ ಲಿಯೊನ್ಸ್ ಚೆನ್ನಾಗಿಯೇ ಹೊಡೆದಿದ್ದ. ಉಳಿದದ್ದು ಕೊನೆಯ ಗುಂಡು. ಅದು ಗುರಿಹಲಗೆಯ ನಡುವಿನ ಕಪ್ಪು ಬೊಟ್ಟಿಗೆ ಬಿದ್ದರೆ ದಂಡೆ, ದಂಡೆಯ ಹಿಂದೆಯೇ ರೆಗುಲಾ.

"ಮೊಳೆ ಹೊಳೀತಿದೆಯಲ್ಲೋ, ಕೊಡಿಲ್ಲಿ," ಎಂದು ಬ್ರೆಡ್ ಮಾಡುವ ಮೆಲ್ಕ್ ಮೋಂಬತ್ತಿ ಹಚ್ಚಿದ. ಅವನ ಉತ್ಸಾಹಕ್ಕೆ ಮೊಳೆಗೆ ಹಿಡಿದಷ್ಟೇ ಮಸಿ ಲಿಯೊನ್ಸನ ಬಲಗಣ್ಣಿಗೂ ಹಾರಿತು.

"ಉಜ್ಜಬೇಡ ಮಗಾ, ನಾನಿದ್ದೀನಿ," ಎಂದು ಪಂದ್ಯ ನೋಡಲು ಬಂದಿದ್ದ ಅಗಾಥಾ ಅಜ್ಜಿ ಸೆರಗಿನಂಥ ತನ್ನ ಏಪ್ರನ್ನಿನ ತುದಿಯನ್ನು ಕೈಗೆ ಸಿಕ್ಕ ಲೋಟದಲ್ಲಿ ಅದ್ದಿ ಒರೆಸಿದಳು. ಲೋಟದಲ್ಲಿದ್ದದ್ದು ನೀರಲ್ಲ, ಚೆರಿಹಣ್ಣಿನ ಸಾರಾಯಿ. ಕಣ್ಣು ಮೆಣಸಿನಕಾಯಿ ಅರೆದ ಕೈಯಂತೆ ಉರಿಯತೊಡಗಿತು.

ಪಕ್ಕದಲ್ಲೇ ನಿಂತಿದ್ದ ಯೋಸ್ಟ್. ಅವನದು ನಾಲ್ಕನೆಯ ಹಲಗೆ, ಲಿಯೊನ್ಸನದು ಐದನೆಯದು. ಅವನಿಗೂ ಬೇಕಾಗಿದ್ದದ್ದು ಕೊನೆಯ ಒಂದೇ ಬೊಟ್ಟು.

"ಏನು ದರ್ಜಿ, ಈಗಿಂದಲೇ ಅಳ್ತಿದ್ದೀಯಾ?"

"ಹೊಗೆ, ಯಜಮಾನ್ರೆ."

ಇಬ್ಬರೂ ಬಂದೂಕೆತ್ತಿದರು. ಲಿಯೊನ್ಸನ ನೀರು ತುಂಬಿದ ಕಣ್ಣಿಗೆ ಹಲಗೆಗಳೆಲ್ಲ ಈಜುತ್ತಿದ್ದವು. ಒಂದು ಬೊಟ್ಟು ಗಳಿಗೆ ಹೊತ್ತು ನಿಂತಿತು. ಲಿಯೊನ್ಸ್ ಒತ್ತಿದ. ಅದೇ ಕ್ಷಣಕ್ಕೆ ಯೋಸ್ಟನೂ ಒತ್ತಿದ. ಎರಡು ಸದ್ದು ಒಂದಾಗಿ ಬೆಟ್ಟಕ್ಕೆ ಬಡಿಯಿತು.

ಹೊಡೆದವರು ಯಾರೆಂದು ಹಲಗೆಯ ಕೆಳಗೆ ಗುಂಡಿಯಲ್ಲಿ ಕೂತ ಗುರುತುಗಾರನಿಗೆ ಕಾಣುವುದಿಲ್ಲ. ಯಾವ ಹಲಗೆಗೆ ತೂತು ಬಿತ್ತೋ ಗುಂಡು ಆ ಹಲಗೆಯವನದು. ತೂತು ತೋರಿಸಲು ಗುರುತುಗಾರ ಎತ್ತಿದ ಕೋಲು ನಾಲ್ಕನೆಯ ಹಲಗೆಯ ನಟ್ಟನಡುವೆ ನಿಂತಿತು. ಐದರ ಮುಂದೆ ಅಡ್ಡಡ್ಡ ಆಡಿತು: ಏನೂ ಇಲ್ಲ.

ಲಿಯೊನ್ಸ್ ಕಣ್ಣೊರೆಸಿಕೊಂಡು ನೋಡಿದ. ತನ್ನ ಬಂದೂಕು ಇನ್ನೂ ನಾಲ್ಕರ ಕಡೆಗೇ ಚಾಚಿತ್ತು. ಬೊಟ್ಟಿಗೆ ಬಿದ್ದದ್ದು ತನ್ನ ಗುಂಡು; ಯೋಸ್ಟನದು ಹಲಗೆಗಳ ಹಿಂದಿನ ಮಣ್ಣುಗುಡ್ಡದಲ್ಲೆಲ್ಲೋ ಮಲಗಿತ್ತು.

ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಯೋಸ್ಟ್ ಟೋಪಿ ತೆಗೆದಿದ್ದ. ಅದರಲ್ಲಿದ್ದ ಹಳೆಯ ದಂಡೆಯ ಎಲೆಗಳು ಪುಡಿಯಾಗಿ ಕಡ್ಡಿಯಷ್ಟೇ ಉಳಿದಿತ್ತು. ಮುದುಕ ಅದನ್ನು ಹೆಬ್ಬೆರಳಲ್ಲಿ ಸವರಿದ. "ಕಣ್ಣು ಹೋಯ್ತು ಅಂದ್ಕೊಂಡಿದ್ದೆ ಕಣೋ," ಎಂದ, ಯಾರಿಗೂ ಅಲ್ಲದಂತೆ.

ಲಿಯೊನ್ಸ್ ಬಾಯಿ ಮುಚ್ಚಿದ.

ಹಿಂದೆ ನಿಂತಿದ್ದ ರೆಗುಲಾ ಎಲ್ಲವನ್ನೂ ನೋಡಿದ್ದಳು. "ಹೇಳ್ತೀಯಾ?" ಎಂದಳು ಮೆಲ್ಲಗೆ.

"ನೀನು ಹೇಳ್ತೀಯಾ?"

ಅವಳು ಅಪ್ಪನ ಮುಖ ನೋಡಿದಳು, ನೆಲ ನೋಡಿದಳು.

ಇಷ್ಟು ಸಂತೋಷದಲ್ಲಿರುವ ಮನುಷ್ಯ ಹಟ ಬಿಡಬಹುದೆಂದು ಲಿಯೊನ್ಸನಿಗೆ ಸಣ್ಣ ಆಸೆ ಹುಟ್ಟಿತು. ಹೊಸ ದಂಡೆ ಸಿಕ್ಕಿಸಿಕೊಂಡ ಯೋಸ್ಟ್ ಅವನ ಹೆಗಲ ಮೇಲೆ ಕೈಯಿಟ್ಟ.

"ಮೊದಲು ನಿನ್ನ ನೋಡಿ ಅಯ್ಯೋ ಪಾಪ ಅನ್ನಿಸ್ತಿತ್ತು ದರ್ಜಿ. ಷರತ್ತು ಜಾಸ್ತಿಯಾಯ್ತೇನೋ, ಇವತ್ತು ಬಿಟ್ಟೇಬಿಡೋಣ ಅಂತಲೂ ಇದ್ದೆ. ಆದ್ರೆ ಈ ಕಣ್ಣಲ್ಲಿ ನಾನೇ ಹೊಡೆದೆ ಅಂದ್ಮೇಲೆ, ನಿನಗೇನು ಧಾಡಿ? ಬರೋ ವರ್ಷ ನನ್ನ ಪಕ್ಕದಲ್ಲೇ ನಿಲ್ಲು. ನೋಡಿ ಕಲಿ."