ನೀಲಿ ಪಟಕ್ಕೆ ಹಾಕಿದ ಹಾರ

ಖುಷಿಯಾದರೆ ಕೆಲವರು ಹಾಡುತ್ತಾರೆ, ಕೆಲವರು ಕೇಸರಿಬಾತು ಕೆದಕುತ್ತಾರೆ. ನನ್ನ ಕೈ ಮಾತ್ರ ಸೀದಾ ಕುಂಕುಮದ ಭರಣಿಗೆ ಹೋಗುತ್ತದೆ. ಮನೆಗೆ ಹೊಸದೇನು ಬಂದರೂ ಅದಕ್ಕೊಂದು ಬೊಟ್ಟು ಇಡದೆ ನನಗೆ ಸಮಾಧಾನವಿಲ್ಲ. ಅಮೆರಿಕದ ಪ್ಲೇನ್ಸ್‌ಬರೋದ ಈ ಮನೆಯಲ್ಲಿ ಫ್ರಿಜ್ಜಿಗೆ ಇಟ್ಟಿದ್ದೇನೆ, ಡಿಶ್‌ವಾಷರಿಗೆ ಇಟ್ಟಿದ್ದೇನೆ, ಮಗಳ ಕಾರಿಗಂತೂ ಮುಂದೆ ಹಿಂದೆ ಎರಡೂ ಕಡೆ ಇಟ್ಟಿದ್ದೇನೆ. ಅಳಿಯಂದಿರ ಹೊಸ ಲ್ಯಾಪ್‌ಟಾಪಿಗೆ ಇಟ್ಟ ಬೊಟ್ಟು ಸರಿಯಾಗಿ ಕ್ಯಾಮೆರಾದ ಮೇಲೆ ಕೂತುಬಿಟ್ಟು, ಆವತ್ತು ಮೀಟಿಂಗಿನಲ್ಲಿ ಅವರು ಎಲ್ಲರಿಗೂ ಕೆಂಪಗೆ ಕಂಡರಂತೆ. ಜ್ವರವೇ ಎಂದು ಯಾರೋ ವಿಚಾರಿಸಿದರಂತೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಕ್ಯಾಮೆರಾಕ್ಕೆ ಹಣೆ ಯಾವುದು, ಕಣ್ಣು ಯಾವುದು ಎಂದು ನನಗೇನು ಗೊತ್ತು?

ಅಳಿಯಂದಿರು ಎಂದೆ. ಅವರ ಹೆಸರು ಹೇಳುವ ರೂಢಿ ನನಗಿಲ್ಲ. ನಮ್ಮ ಕಾಂಪ್ಲೆಕ್ಸಿನ ಬೆಂಚಿನ ಮೇಲೆ ಸಂಜೆ ಸೇರುವ ಅಜ್ಜಿಯರಲ್ಲಿ ಯಾರಿಗೂ ಇಲ್ಲ. ಕಾರು ಓಡಿಸಲು ಬಾರದ ನಮಗೆ ಈ ಅಮೆರಿಕ ಎಂದರೆ ಆ ಬೆಂಚಿನಿಂದ ಟಪಾಲು ಡಬ್ಬಿಯವರೆಗೆ. ಅಲ್ಲಿ ಕೂತು ನಾವು ಅಳಿಯಂದಿರನ್ನು ಕೆಲಸದ ಮೇಲೆ, ಇಲ್ಲವೇ ಕೆಲಸಕ್ಕೆ ಹೋಗುವ ಊರಿನ ಮೇಲೆ ಕರೆಯುತ್ತೇವೆ. ಒಬ್ಬರ ಅಳಿಯ ಬ್ಯಾಂಕಿನವರು, ಇನ್ನೊಬ್ಬರ ಅಳಿಯ ಬ್ರಿಡ್ಜ್‌ವಾಟರಿನವರು. ನಮ್ಮವರು ಕಂಪನಿ ಕೆಲಸಕ್ಕೆ ಆಗಾಗ ಟೋಕಿಯೋಗೆ ಹೋಗುವುದರಿಂದ ‘ಜಪಾನಿನವರು’. ಈ ಮಾತನ್ನು ನೀವು ನೆನಪಿನಲ್ಲಿಟ್ಟುಕೊಳ್ಳಿ. ನಾನು ಮರೆತದ್ದರಿಂದಲೇ ಇಷ್ಟೆಲ್ಲ ಆಯಿತು.

ಕಳೆದ ಸಲ ಹೋದಾಗ ಅಳಿಯಂದಿರು ಮೊಮ್ಮಗಳು ತನ್ವಿಯ ಹುಟ್ಟುಹಬ್ಬಕ್ಕೆಂದು ಅಲ್ಲಿಂದ ಒಂದು ಪಟ ಕಳಿಸಿದರು. ದೊಡ್ಡ ಪೆಟ್ಟಿಗೆ, ಒಳಗೆ ಗಾಜು ಹಾಕಿ ಕಟ್ಟು ಹಾಕಿಸಿದ ಪ್ರಿಂಟು. ಪಟದ ತುಂಬಾ ನೀಲಿ. ಎಂಥ ನೀಲಿ ಅಂತೀರಿ, ಹಿಂದೆ ನಾವು ಬಿಳಿ ಪಂಚೆಗೆ ಹಾಕುತ್ತಿದ್ದ ನೀಲಿಯ ಡಬ್ಬಿಯನ್ನೇ ಬೋರಲು ಹಾಕಿದ ಹಾಗೆ. ಆ ನೀಲಿಯಲ್ಲಿ ಒತ್ತೊತ್ತಾಗಿ ಹೂವುಗಳು. ಒಂದೊಂದು ಹೂವಿಗೂ ಗುಂಡಗಿನ ಮುಖ, ಕಣ್ಣು, ಕಿವಿಯವರೆಗೆ ಬಾಯಿ. ಎಲ್ಲವೂ ನಗುತ್ತಿವೆ. ಮೂಲೆಯಲ್ಲಿ ಪೆನ್ಸಿಲಿನ ಸಹಿ, ಪಕ್ಕದಲ್ಲಿ ಒಂದು ನಂಬರು.

ತನ್ವಿ ಹೈಸ್ಕೂಲಿನ ಹುಡುಗಿ. ಚಿಕ್ಕವಳಿದ್ದಾಗ ನನ್ನ ಜೊತೆ ಪಟಪಟ ಕನ್ನಡ ಮಾತಾಡುತ್ತಿದ್ದವಳು ದೊಡ್ಡವಳಾಗುತ್ತಾ ಆಗುತ್ತಾ ‘ಓಕೆ ಅಜ್ಜಿ’, ‘ಐ ಆಮ್ ಗುಡ್ ಅಜ್ಜಿ’ಗೆ ಬಂದು ನಿಂತಿದ್ದಳು. ನಾನು ದೋಸೆ ಬೇಕಾ ಎಂದರೂ ಅವಳು ಗುಡ್, ಕಾಲು ನೋವಾ ಎಂದರೂ ಗುಡ್. ಒಂದೇ ಮನೆಯಲ್ಲಿದ್ದು ನಾವಿಬ್ಬರೂ ನಕ್ಕು ನಕ್ಕು ಕಾಲ ಹಾಕುತ್ತಿದ್ದೆವು, ಆ ಪಟದ ಹೂವುಗಳ ಹಾಗೆ.

ಆವತ್ತು ಸುಮ್ಮನಿರಲಾರದೆ ಕೇಳಿದೆ, “ಇದ್ಯಾಕೆ ಪುಟ್ಟಿ, ಹೂವೆಲ್ಲ ಹಿಂಗೆ ಹಲ್ಲು ಕಿರೀತಾ ಇದಾವೆ?”

“ಇಟ್ಸ್ ಆನ್ ಹೋಮಾಜ್, ಅಜ್ಜಿ.”

“ಹೋಮಾನಾ? ಪಟಕ್ಕೂ ಹೋಮ ಮಾಡಿಸ್ತಾರಾ?”

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಸೂರಿನ ಕಡೆ ನೋಡುತ್ತಾ, ಅಟ್ಟದ ಮೇಲಿಟ್ಟ ಪಾತ್ರೆಗಳನ್ನು ಒಂದೊಂದಾಗಿ ಇಳಿಸುವ ಹಾಗೆ ಮಾತು ಇಳಿಸತೊಡಗಿದಳು. “ಅಲ್ಲ ಅಜ್ಜಿ. ಇದು... ದೊಡ್ಡೋರಿಗೆ ನಮಸ್ಕಾರ. ಮುಂಚೆ ಒಬ್ರು ಪೇಂಟರ್ ಇದ್ರು. ಬರೀ ಬ್ಲೂ, ಬರೀ ನೀಲಿ ಹಾಕೋರು. ಅವ್ರು ಈಗ ಇಲ್ಲ. ಹೋದ್ರು. ಈ ಜಪಾನಿನವ್ರು ಈಗ ಇರೋರು. ಅವ್ರ ನೀಲಿ ತಗೊಂಡು, ತಮ್ಮ ಹೂ ಹಾಕಿ, ನಮಸ್ಕಾರ ಮಾಡ್ತಾ ಇದಾರೆ.”

ಎಷ್ಟು ಮಾತು. ಅದೂ ಕನ್ನಡದಲ್ಲಿ, ಅದೂ ನನಗೆ. ನಡುವೆ ‘ಳ’ ಬರಬೇಕಾದಲ್ಲಿ ‘ಲ’ ಬಂದಿರಬಹುದು, ನಾನೇನು ಪರೀಕ್ಷೆ ಮಾಡಲು ಕೂತಿರಲಿಲ್ಲ. ಮಾರನೆಯ ದಿನವೂ ನಾನು ಪಟದ ಮುಂದೆ ನಿಂತು ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ. ಮತ್ತೆ ಹೇಳಿದಳು. ಗೊತ್ತಿಲ್ಲದವಳ ಹಾಗೆ ಇರುವುದು ನನಗೆ ಕಷ್ಟದ ಕೆಲಸವೂ ಅಲ್ಲ.

ಇಷ್ಟು ಚೆನ್ನಾಗಿ ನಡೆಯುತ್ತಿರುವಾಗ ಮಗಳು ಸುಮಾ ಅಡ್ಡ ಬಂದಳು. “ಶನಿವಾರ ಸತ್ಯನಾರಾಯಣ ಪೂಜೆಗೆ ಅಷ್ಟು ಜನ ಬರ್ತಾರೆ. ಬಾಗಿಲು ತೆಗೆದ ತಕ್ಷಣ ಈ ಕಾರ್ಟೂನ್ ಕಾಣಿಸ್ಬೇಕಾ? ಬೇಸ್‌ಮೆಂಟ್‌ಗೆ ಹಾಕೋಣ” ಎಂದಳು. ತನ್ವಿ “ಓಕೆ” ಎಂದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ‘ಓಕೆ’ ನನಗೆ ಗೊತ್ತಿದ್ದದ್ದೇ. ಪಟ ಬೇಸ್‌ಮೆಂಟಿಗೆ ಇಳಿದರೆ ಅದರ ಜೊತೆ ನನ್ನ ಮೊಮ್ಮಗಳ ಕನ್ನಡವೂ ಇಳಿದು ಹೋಗಿ, ಹಳೇ ಸೂಟ್‌ಕೇಸುಗಳ ಪಕ್ಕ ಕೂರುತ್ತದೆ.

ಮಾರನೆಯ ಬೆಳಿಗ್ಗೆ ಎಲ್ಲರೂ ಹೋದ ಮೇಲೆ ಕೂತು ಯೋಚಿಸಿದೆ. ದೊಡ್ಡವರಿಗೆ ನಮಸ್ಕಾರ ಎಂದಳು. ಅವರು ಹೋದರು ಎಂದಳು. ಹೋದವರ ಪಟವೆಂದರೆ ಅದಕ್ಕೊಂದು ಮರ್ಯಾದೆ ಉಂಟಲ್ಲ? ಜೊತೆಗೆ, ಒಮ್ಮೆ ಕುಂಕುಮ ಇಟ್ಟು ಹಾರ ಹಾಕಿಬಿಟ್ಟರೆ ಅದನ್ನು ಗೋಡೆಯಿಂದ ಇಳಿಸುವ ಧೈರ್ಯ ಯಾವ ಮಗಳಿಗಿದೆ? ಭಕ್ತಿಯೂ ಆಯಿತು, ಉಪಾಯವೂ ಆಯಿತು. ವರಮಹಾಲಕ್ಷ್ಮಿ ಹಬ್ಬಕ್ಕೆಂದು ಎತ್ತಿಟ್ಟಿದ್ದ ರೇಷ್ಮೆ ಚೆಂಡುಹೂವಿನ ಹಾರವನ್ನು ಪಟಕ್ಕೆ ಹಾಕಿದೆ. ಗಾಜಿಗೆ ಬೊಟ್ಟು ಇಟ್ಟೆ. ಕೆಳಗಿನ ಮೇಜಿನ ಮೇಲೆ ಬ್ಯಾಟರಿ ದೀಪ ಇಟ್ಟೆ. ನಿಜವಾದ ದೀಪ ಹಚ್ಚಿದರೆ ಸೂರಿಗೆ ಹಾಕಿರುವ ಹೊಗೆ ಅಲಾರಂ ಊರನ್ನೇ ಕರೆಯುತ್ತದೆ. ಹಾರ ಸ್ವಲ್ಪ ದಪ್ಪವಾಗಿ ಹೂವಿನ ಮುಖಗಳು ಅರ್ಧ ಮುಚ್ಚಿದವು. ಇರಲಿ, ಸಂಭ್ರಮದಲ್ಲಿ ಅದೆಲ್ಲ ನೋಡಲಾಗುವುದಿಲ್ಲ.

ಅಷ್ಟರಲ್ಲಿ ಕರಿಬೇವು ಕೇಳಲು ವನಜಾಕ್ಷಮ್ಮ ಬಂದರು. ನಮ್ಮ ಬೆಂಚಿನವರೇ. ಕಣ್ಣಿಗೆ ಆಪರೇಷನ್ ಆಗಿದೆ, ಕನ್ನಡಕವನ್ನು ಮಾತ್ರ ಯಾವಾಗಲೂ ಮನೆಯಲ್ಲೇ ಬಿಟ್ಟು ಬರುತ್ತಾರೆ. ಬಾಗಿಲಲ್ಲೇ ಹಾರ, ದೀಪ ಕಂಡು ನಿಂತುಬಿಟ್ಟರು.

“ಯಾರ್ರೀ ಇದು?”

ನಾನು ಉತ್ಸಾಹದಲ್ಲಿದ್ದೆ. “ಜಪಾನಿನವ್ರದು ಕಣ್ರೀ” ಎಂದೆ.

“ಅಯ್ಯೋ. ಯಾವಾಗ ಬಂತು?”

“ಮೊನ್ನೆ. ದೊಡ್ಡ ಪೆಟ್ಟಿಗೇಲಿ ಬಂತು.”

ವನಜಾಕ್ಷಮ್ಮ ಅಲ್ಲೇ ಚಪ್ಪಲಿ ಗೂಡಿನ ಮೇಲೆ ಕೂತರು. “ಸುಮಾಗೆ?”

“ಅವಳಿಗೆ ಇಷ್ಟ ಇಲ್ಲ ಬಿಡಿ. ಬೇಸ್‌ಮೆಂಟ್‌ಗೆ ಹಾಕ್ತೀನಿ ಅಂತಾಳೆ.”

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕರಿಬೇವು ಕೇಳದೆ ಹೊರಟುಹೋದರು. ಚಿತ್ರಕಲೆ ಕಂಡರೆ ಇಷ್ಟು ಕರಗುವ ಹೆಂಗಸೆಂದು ನಾನು ಎಣಿಸಿರಲಿಲ್ಲ.

ಮಧ್ಯಾಹ್ನ ಒಬ್ಬೊಬ್ಬರಾಗಿ ಬರತೊಡಗಿದರು. ಬೆಂಚಿನ ಅಜ್ಜಿಯರು, ಅವರ ಸೊಸೆಯರು. ಎಲ್ಲರ ಕೈಯಲ್ಲೂ ಡಬ್ಬಿ, ಒಳಗೆ ಮೊಸರನ್ನ, ಸಪ್ಪೆ ಸಾರು. ಯಾರೂ ಜೋರಾಗಿ ಮಾತಾಡುತ್ತಿಲ್ಲ. ತನ್ವಿಯ ಪಟ ನೋಡಲು ಇಷ್ಟು ಜನ ಬಂದರಲ್ಲ ಎಂದು ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. “ಬನ್ನಿ, ಹತ್ತಿರ ಬಂದು ನೋಡಿ, ಹೇಗೆ ನಗ್ತಾ ಇದಾರೆ” ಎಂದು ಕೈ ಹಿಡಿದು ಕರೆದೆ. ಯಾರೂ ತಲೆ ಎತ್ತಲಿಲ್ಲ. ಒಬ್ಬಾಕೆ ಇನ್ನೊಬ್ಬಾಕೆಯ ಕಿವಿಯಲ್ಲಿ, “ಪಾಪ, ಎಷ್ಟು ಗಟ್ಟಿ ಜೀವ ನೋಡಿ” ಎಂದದ್ದು ಕೇಳಿಸಿತು. ಹೊಗಳಿಕೆ ಎಂದು ಒಪ್ಪಿಕೊಂಡೆ. ಅಂತೂ ಸುಮಾ ಡ್ರೈವ್ ಮಾಡಿಕೊಂಡು ಬರುವಾಗ ದುಃಖ ಉಕ್ಕಬಾರದು, ಅವಳಿಗೆ ಯಾರೂ ಫೋನ್ ಮಾಡಬೇಡಿ ಎಂದು ತಮ್ಮಲ್ಲೇ ಮಾತಾಡಿಕೊಂಡಿದ್ದರಂತೆ. ಆ ಪುಣ್ಯಕ್ಕೆ ಅವರಿಗೆ ಎಷ್ಟು ನಮಸ್ಕಾರ ಮಾಡಿದರೂ ಸಾಲದು.

ಸ್ಕೂಲ್ ಬಸ್ಸಿನಿಂದ ಇಳಿದು ತನ್ವಿ ಒಳಗೆ ಬಂದಳು. ವನಜಾಕ್ಷಮ್ಮ ಅವಳನ್ನು ತಬ್ಬಿಕೊಂಡು, “ಅಪ್ಪ ಎಲ್ಲೂ ಹೋಗಿಲ್ಲ ಕಂದಾ, ನಿನ್ನ ಜೊತೇಲೇ ಇರ್ತಾರೆ” ಎಂದರು.

“ನೋ ಆಂಟಿ, ಹಿ ಈಸ್ ಇನ್ ಟೋಕಿಯೋ” ಎಂದಿತು ಮಗು.

ಆಮೇಲೆ ಹಾರ ನೋಡಿದಳು. ಡಬ್ಬಿಗಳನ್ನು ನೋಡಿದಳು. ನನ್ನನ್ನು ನೋಡಿದಳು. ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತು ನಕ್ಕಳು. ನನಗೆ ಆಗಲೇ ವಿಷಯ ತಿಳಿದದ್ದು. ತನ್ವಿಯೇ ಎದ್ದು, ಹಾರವನ್ನು ಪಕ್ಕಕ್ಕೆ ಸರಿಸಿ, ಹಾಲಿನ ತುಂಬಾ ಕೂತ ಹೆಂಗಸರಿಗೆ ಹೇಳತೊಡಗಿದಳು. “ಇದು ಅಪ್ಪ ಅಲ್ಲ. ಇದು ಹೂವು. ಅಪ್ಪ ಚೆನ್ನಾಗಿದಾರೆ. ಮುಂಚೆ ಒಬ್ರು ಪೇಂಟರ್ ಇದ್ರು...” ನಾನು ಕೇಳಿದ್ದಕ್ಕಿಂತ ಉದ್ದವಾಗಿ, ನನಗೆ ಹೇಳದ ಸಂಗತಿಗಳನ್ನೂ ಸೇರಿಸಿ ಹೇಳಿದಳು. ವನಜಾಕ್ಷಮ್ಮ ಮೂಗು ಒರೆಸಿಕೊಂಡು, “ಹಾಗಾದ್ರೆ ಕಾಪಿ ಹೊಡೆದಿದಾರೆ ಅನ್ನು” ಎಂದರು. “ಅಲ್ಲ ಆಂಟಿ. ನೀವು ನಿಮ್ಮಮ್ಮನ ಸಾರು ಮಾಡ್ತೀರಲ್ಲ, ಅದು ಕಾಪಿನಾ?” ಎಂದಳು ನಮ್ಮ ಹುಡುಗಿ. ಎಲ್ಲರೂ ತಮ್ಮ ತಮ್ಮ ಸಾರಿನ ಡಬ್ಬಿ ನೋಡಿಕೊಂಡರು.

ಸುಮಾ ಯಾವಾಗ ಬಂದಳೋ ಯಾರೂ ಗಮನಿಸಲಿಲ್ಲ. ಹೆಗಲಿನ ಬ್ಯಾಗು ಇಳಿಸದೆ ಬಾಗಿಲಲ್ಲೇ ನಿಂತು ಮಗಳ ಕನ್ನಡ ಕೇಳುತ್ತಿದ್ದಳು. ಎಲ್ಲರೂ ನಕ್ಕು, ಮೊಸರನ್ನ ತಿಂದು, ಡಬ್ಬಿ ತೊಳೆದುಕೊಂಡು ಹೋದ ಮೇಲೆ ನನ್ನ ಹತ್ತಿರ ಬಂದು, “ಪಟ ಇಲ್ಲೇ ಇರಲಿ ಬಿಡಮ್ಮ. ಹಾರ ಮಾತ್ರ ತೆಗಿ, ನಿನ್ನ ಕಾಲಿಗೆ ಬೀಳ್ತೀನಿ” ಎಂದಳು.

ಸಂಜೆ ಅಳಿಯಂದಿರು ಅಲ್ಲಿ ಬೆಳಗಾಗಿ ಎದ್ದು ವಿಡಿಯೋ ಕರೆ ಮಾಡಿದರು. “ಅತ್ತೆ, ನನ್ನ ನಂಬರಿಗೇ ಯಾರೋ ಓಂ ಶಾಂತಿ ಅಂತ ಕಳಿಸಿದಾರೆ, ನಾನೇನು ಉತ್ತರ ಬರೀಲಿ?” ಎಂದು ಕೇಳಿದರು. ನಾನು ಒಳಗೆ ಓಡಿ, ಉಪ್ಪು ಮೆಣಸಿನಕಾಯಿ ತಂದು ಫೋನಿಗೇ ದೃಷ್ಟಿ ತೆಗೆದೆ. ಕುಂಕುಮವನ್ನೂ ಇಡಲು ಹೋದೆ. ಸುಮಾ ಫೋನು ಕಿತ್ತುಕೊಂಡಳು.

ಇದಾದ ಮೇಲೆ ನಿನ್ನೆ ತನ್ವಿ ಸ್ಕೂಲಿನಿಂದ ತಾನೇ ಮಾಡಿದ ಪ್ರಿಂಟು ತಂದಳು. ಹಲಗೆ ಕೆತ್ತಿ, ಮಸಿ ಬಳಿದು, ಕಾಗದದ ಮೇಲೆ ಒತ್ತಿದ್ದಂತೆ. ಅದೇ ನೀಲಿ. ನಡುವೆ ಒಂದೇ ಒಂದು ದೊಡ್ಡ ಹೂವು, ಆ ಹೂವಿಗೆ ನನ್ನ ಮುಖ, ನನ್ನ ಮೂಗುಬೊಟ್ಟು, ಕಿವಿಯವರೆಗೆ ನನ್ನ ನಗು. ಕೆಳಗೆ ಕನ್ನಡ ಅಕ್ಷರ. ಕೆತ್ತುವಾಗ ಉಲ್ಟಾ ಕೆತ್ತಬೇಕೆನ್ನುವುದನ್ನು ಮರೆತು ಅಕ್ಷರಗಳೆಲ್ಲ ಬೆನ್ನು ತಿರುಗಿಸಿ ನಿಂತಿದ್ದವು. ಕನ್ನಡಿಯ ಮುಂದೆ ಹಿಡಿದು ಓದಿದೆ: ‘ಅಜಿಗೆ ನಮಸ್ಕಾರ’. ಒತ್ತು ಬಿಟ್ಟಿದ್ದಾಳೆ. ನಾಲ್ಕನೇ ಕ್ಲಾಸಿಗೆ ಅಷ್ಟು ತಿಳಿಯಿತು, ಬಾಯಿಬಿಡಲಿಲ್ಲ.

ಬೊಟ್ಟು ಇಟ್ಟೆ. ಕೈ ತಾನಾಗಿ ಹಾರದ ಪೆಟ್ಟಿಗೆಗೆ ಹೋಯಿತು. ಹಾರ ಎತ್ತಿಕೊಂಡು ಪಟದ ಮುಂದೆ ಬಂದಾಗ ನೆನಪಾಯಿತು, ಈ ಸಲ ಹಾರ ಬೀಳುವುದು ನನ್ನ ಮುಖಕ್ಕೇ. ಹಾಗೆಂದು ಎತ್ತಿದ ಹಾರವನ್ನು ಸುಮ್ಮನೆ ಒಳಗಿಡಲು ಇಷ್ಟು ಖುಷಿಯಲ್ಲಿ ಆಗುತ್ತದೆಯೇ? ನನ್ನ ಕೊರಳಿಗೆ ನಾನೇ ಹಾಕಿಕೊಂಡು, ಪಟದ ಪಕ್ಕ ನಿಂತು, ತನ್ವಿಯಿಂದ ಫೋಟೋ ತೆಗೆಸಿ ವನಜಾಕ್ಷಮ್ಮನಿಗೆ ಕಳಿಸಿದೆ. ಜೊತೆಗೆ, “ಇದು ನಾನೇ. ಇನ್ನೂ ಇದ್ದೇನೆ. ಮೊಸರನ್ನ ತರಬೇಡಿ” ಎಂದು ಬಾಯಲ್ಲೇ ಹೇಳಿ, ಫೋನಿನಲ್ಲಿ ದನಿ ತುಂಬಿಸಿ ಕಳಿಸಿದೆ.

“ಹಾಗಾದ್ರೆ ಬಿಸಿಬೇಳೆಬಾತ್ ತರ್ತೀನಿ” ಎಂದು ಉತ್ತರ ಬಂತು.

ಬೇಡ ಎನ್ನಬೇಕಿತ್ತು. ಹಾರ ಹಾಕಿಕೊಂಡೇ ಬಾಗಿಲ ಹತ್ತಿರ ಹೋಗಿ ಕೂತೆ.